ನಾನು ತಿದ್ದಿದ ಮಾದೇವಿ

ಮೊನ್ನೆ ಶಿರಸಿ ಪೇಟೆಯಲ್ಲಿ ಗೋಣಿತಾಟು ಹಾಸಿಕೊಂಡು ಮಾವಿನಮಿಡಿ ಮಾರುತ್ತಿದ್ದ ಹೆಂಗಸೊಬ್ಬಳು ನನ್ನ ಮೂಗಿನ ಹತ್ತಿರವೇ ಒಂದು ಮಿಡಿಯ ತೊಟ್ಟು ಮುರಿದಳು. ಚಿಟಕ್ಕನೆ ಸೊನೆ ಹಾರಿತು. ಜೀರಿಗೆಯನ್ನು ಆಗಷ್ಟೇ ಅಂಗೈಯಲ್ಲಿ ತಿಕ್ಕಿದ ಹಾಗೆ ಪರಿಮಳ. “ಮೊದ್ಲು ಮೂಸ್ಕಳಿ ಅಕ್ಕಾ, ಚರ್ಚೆ ಆಮೇಲೆ ಮಾಡುವಾ,” ಎಂದಳು. ಚರ್ಚೆ ಎಂಬ ಮಾತು ಕೇಳಿ ನನಗೆ ನಗು ಬಂತು. ಅವಳು ರೇಟಿನ ಚೌಕಾಸಿಯ ಬಗ್ಗೆ ಹೇಳಿದ್ದಳು, ಪಾಪ.

ಈ ವಾಸನೆಗೆ ಬೇರೆಯವರ ಬಾಯಲ್ಲಿ ನೀರೂರುತ್ತದೆ. ನನ್ನ ಕಣ್ಣಮುಂದೆ ಮಾತ್ರ ಒಂದು ಕಂಪ್ಯೂಟರ್ ಪರದೆ ಬರುತ್ತದೆ, ಅದರಲ್ಲೊಂದು ಪುಟ, ಪುಟದ ಕೊನೆಯಲ್ಲಿ ‘ದರಕು’ ಎಂಬ ಸಹಿ. ದರಕು ಎಂದರೆ ನಮ್ಮ ಕಡೆ ಕಾಡಿನಲ್ಲಿ ಉದುರಿಬಿದ್ದ ಒಣ ಎಲೆ. ಕೆಲವು ವರ್ಷಗಳ ಹಿಂದಿನ ಒಂದು ಮಿಡಿಗಾಲ ಅದು. ಚಳಿ ಬಿಡುವ ಹೊತ್ತಿಗೆ ಶುರುವಾಗಿ ಮೊದಲ ಮಳೆಗೆ ಮುಗಿಯಿತು. ಅಷ್ಟರೊಳಗೆ ನನ್ನ ಜಂಬವೆಲ್ಲ ಇಳಿದು ಹೋಗಿತ್ತು.

ಜಂಬವೇನು ಎಂದು ಹೇಳಿಬಿಡುತ್ತೇನೆ. ನಾನು ಬನವಾಸಿ ಕಡೆಯವಳು, ಮದುವೆಯಾಗಿ ಶಿರಸಿಗೆ ಬಂದವಳು. ಇಲ್ಲಿಯ ಒಂದು ಪ್ರೆಸ್ಸಿನಲ್ಲಿ ಬಹಳ ವರ್ಷ ಕರಡು ತಿದ್ದುವ ಕೆಲಸ ಮಾಡಿದೆ. ಲಗ್ನಪತ್ರಿಕೆ, ತಾಳಮದ್ದಳೆಯ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ, ನಿವೃತ್ತ ಮಾಸ್ತರರ ಕವನ ಸಂಕಲನ, ಯಾವುದೇ ಇರಲಿ, ನನ್ನ ಕೆಂಪು ಪೆನ್ನಿನಿಂದ ತಪ್ಪಿಸಿಕೊಂಡು ಹೋದದ್ದಿಲ್ಲ. ‘ಶುಭಾಷಯ’ ಎಂದು ಬರೆದು ತಂದ ದೊಡ್ಡ ಮನುಷ್ಯರಿಗೂ ಮುಖಕ್ಕೆ ಹೇಳಿ ಕಳಿಸಿದವಳು. ಆಮೇಲೆ ಲಗ್ನಪತ್ರಿಕೆಗಳು ಮೊಬೈಲಿಗೆ ಹೋದವು, ಪ್ರೆಸ್ಸು ಮುಚ್ಚಿತು. ಸಿದ್ದಾಪುರ ರಸ್ತೆಯ ಒಂದು ಉಪ್ಪಿನಕಾಯಿ ಕಂಪನಿಯಲ್ಲಿ ಬರವಣಿಗೆಯ ಕೆಲಸ ಸಿಕ್ಕಿತು. ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದೂ ಪ್ರಚಾರವಾದೀತು ಎಂಬ ಭಯ ನನಗೆ ಆ ವರ್ಷದಿಂದ ಹತ್ತಿಕೊಂಡಿದೆ.

ಕಂಪನಿಯ ಯಜಮಾನರು ಸುಬ್ರಾಯ ಹೆಗಡೆಯವರು. ಕೆಟ್ಟವರಲ್ಲ, ಆದರೆ ಅವಸರ. ಅಪ್ಪೆಮಿಡಿಯ ಉಪ್ಪಿನಕಾಯಿ ಅವರ ಕಸುಬು: ಗೊರಟು ಬಲಿಯುವ ಮೊದಲೇ ಕೊಯ್ದ, ಪರಿಮಳವಿರುವ ಕಾಡುಮಾವಿನ ಮಿಡಿ. ಅವುಗಳಲ್ಲಿ ಒಂದು ಜಾತಿಗೆ ಜೀರಿಗೆಯ ವಾಸನೆ. ಕಂಪನಿಯ ಎಲ್ಲ ಹೆಸರೂ ಆ ಒಂದು ಜಾತಿಯ ಮೇಲೆ ನಿಂತಿತ್ತು. ಬಾಟಲಿಯ ಚೀಟಿಯ ಮೇಲೆ ‘ಮಹಾದೇವಿ ಜೀರಿಗೆ’ ಎಂಬ ಅಕ್ಷರ, ಪಕ್ಕದಲ್ಲಿ ಹೆಗಡೆಯವರ ತೀರಿಹೋದ ತಾಯಿ ಮಹಾದೇವಿಯವರ ಫೋಟೋ. ಮುಂಬೈಯ ಒಬ್ಬ ದೊಡ್ಡ ವ್ಯಾಪಾರಿ ಆ ವರ್ಷ ಮಾಲು ಕೇಳಿದ್ದ. ಕಂಪನಿಯ ಕಥೆಯನ್ನು ತಾನು ಅಂತರಜಾಲದ ವಿಶ್ವಕೋಶದಿಂದ ಎತ್ತಿಕೊಳ್ಳುತ್ತೇನೆ, ಅಲ್ಲಿ ಎಲ್ಲ ಸರಿಯಾಗಿರಲಿ ಎಂದಿದ್ದ. ನನ್ನ ಮೊದಲ ಕೆಲಸ ಅದೇ ಆಯಿತು.

ಆ ವಿಶ್ವಕೋಶವನ್ನು ಯಾರು ಬೇಕಾದರೂ ತಿದ್ದಬಹುದು ಎಂದು ಕೇಳಿದ್ದೆ. ತಿದ್ದುವುದೆಂದರೆ ನನಗೆ ಹೇಳಿಕೊಡಬೇಕೆ? ಒಂದು ಬೆಳಿಗ್ಗೆ ಕೂತು ಕಂಪನಿಯ ಪುಟದ ತುಂಬ ‘ಲೋಕವಿಖ್ಯಾತ’, ‘ಅದ್ವಿತೀಯ’, ‘ರಸಿಕರ ನಾಲಿಗೆಯ ನಂದಾದೀಪ’ ಎಂದೆಲ್ಲ ಸೇರಿಸಿ ಚಹಾ ಕುಡಿಯಲು ಹೋದೆ. ಬಂದು ನೋಡಿದರೆ ಒಂದಕ್ಷರ ಇಲ್ಲ. ಅದರ ಬದಲು ನನಗೊಂದು ಟಿಪ್ಪಣಿ: “ನಮಸ್ಕಾರ. ನೀವು ಈ ಕಂಪನಿಯಿಂದ ಸಂಬಳ ಪಡೆಯುತ್ತಿದ್ದರೆ ಅದನ್ನು ನಿಮ್ಮ ಸದಸ್ಯ ಪುಟದಲ್ಲಿ ತಿಳಿಸಬೇಕು. ಲೇಖನವನ್ನು ನೇರವಾಗಿ ತಿದ್ದಬೇಡಿ. ಬೇಕಾದ ಬದಲಾವಣೆಯನ್ನು ಲೇಖನದ ಜೊತೆಗಿರುವ ಚರ್ಚೆ ಪುಟದಲ್ಲಿ ಕೋರಿಕೆಯಾಗಿ ಬರೆಯಿರಿ, ಅಚ್ಚಾದ ಆಧಾರ ಕೊಡಿ. ಸಂಬಂಧವಿಲ್ಲದ ಒಬ್ಬರು ನೋಡಿ ತೀರ್ಮಾನಿಸುತ್ತಾರೆ. ನಾಲಿಗೆಗೆ ನಂದಾದೀಪ ಇಟ್ಟರೆ ಸುಡುತ್ತದೆ. – ದರಕು.”

ನಾನು ಉರಿದುಹೋದೆ. ನನ್ನ ಬರಹವನ್ನು ಇನ್ನೊಬ್ಬರು ತಿದ್ದಿದ್ದು ಅದೇ ಮೊದಲು. ಹೆಗಡೆಯವರಿಗೆ ತೋರಿಸಿದೆ.

“ಎಂತದು ಇದು ಸುಮಿತ್ರಾ? ನಮ್ಮ ಕಂಪನಿ ಬಗ್ಗೆ ನಾವೇ ಬರೆಯಲಾಗ ಹೇಳಿ ಯಾವ ಕಾನೂನು?”

“ಅಲ್ಲಿ ಹಂಗೈತಂತ್ರಿ. ರೊಕ್ಕ ತಗೊಂಡವರು ಬರೀಬಾರದು, ಕೇಳಬೇಕು ಅಷ್ಟ.”

“ಯಾರತ್ರ ಕೇಳವು? ಈ ಒಣ ಎಲೆ ಹತ್ರವಾ?”

ಹೌದು, ಒಣ ಎಲೆಯ ಹತ್ತಿರವೇ ಕೇಳಬೇಕಿತ್ತು. ನಾನು ನನ್ನ ಹೆಸರಿನ ಮುಂದೆ ಕಂಪನಿಯ ಹೆಸರು ಹಚ್ಚಿಕೊಂಡೆ. ‘ನಾನು ಈ ಕಂಪನಿಯ ಸಂಬಳದವಳು’ ಎಂದು ನನ್ನ ಪುಟದಲ್ಲಿ ಬರೆದೆ. ಬರೆಯುವಾಗ ನಾಚಿಕೆಯಾಯಿತು. ಆಮೇಲೆ ಒಂದೊಂದೇ ಕೋರಿಕೆ ಹಾಕತೊಡಗಿದೆ.

ಅಷ್ಟರಲ್ಲಿ ಫಸಲು ಬಂತು. ಆ ವರ್ಷ ಹೂವು ಬಿಟ್ಟಾಗ ಮೋಡ ಕಟ್ಟಿರಲಿಲ್ಲ, ಹೊಳೆದಂಡೆಯ ಮರಗಳಲ್ಲಿ ಗೊಂಚಲು ಗೊಂಚಲು ಮಿಡಿ. ನೆಲಕ್ಕೆ ಬಿದ್ದ ಮಿಡಿ ಉಪ್ಪಿನಲ್ಲಿ ಮೆತ್ತಗಾಗುತ್ತದೆ. ಹಾಗಾಗಿ ಮರ ಹತ್ತಿದವರು ಕೈಯಲ್ಲೇ ಕೊಯ್ದು ಬುಟ್ಟಿಗೆ ಹಾಕಿ ಹಗ್ಗದಲ್ಲಿ ಇಳಿಸಬೇಕು. ಕಂಪನಿಯ ಅಂಗಳದಲ್ಲಿ ಹೆಂಗಸರು ಸಾಲಾಗಿ ಕೂತು ಬೇರೆ ಬೇರೆ ಜಾತಿ ಬೇರೆ ಮಾಡುತ್ತಿದ್ದರು. ಸೊನೆ ತಾಗಿ ಅವರ ಬೆರಳಿನ ಸಂದುಗಳೆಲ್ಲ ಕಪ್ಪಾಗಿ ಸುಟ್ಟಿರುತ್ತಿದ್ದವು. ಮಧ್ಯಾಹ್ನದ ಸೆಕೆಯಲ್ಲಿ ಉಪ್ಪು, ಸೊನೆ, ಬೆವರು ಎಲ್ಲ ಕಲೆತ ವಾಸನೆ ಕಿಟಕಿಯಿಂದ ನನ್ನ ಮೇಜಿನ ತನಕ ಬರುತ್ತಿತ್ತು. ಅದನ್ನು ಕುಡಿಯುತ್ತ ನಾನು ದರಕಿನ ಜೊತೆ ಜಗಳವಾಡುತ್ತಿದ್ದೆ.

ದರಕಿನ ಉತ್ತರ ಬರುತ್ತಿದ್ದುದು ಯಾವಾಗಲೂ ಮಧ್ಯಾಹ್ನ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಕಾರ್ಖಾನೆ ಇರುವ ಊರಿನ ಕಾಗುಣಿತ ತಪ್ಪಿದೆ ಎಂದೆ, ತಕ್ಷಣ ಸರಿಯಾಯಿತು, ಜೊತೆಗೆ “ಗಮನಿಸಿದ್ದಕ್ಕೆ ಧನ್ಯವಾದ” ಎಂದೂ ಬಂತು. ನಮಗೆ ಸಿಕ್ಕ ಒಂದು ಬಹುಮಾನದ ಸುದ್ದಿ ಹಾಕಿ ಎಂದೆ. ಪತ್ರಿಕೆಯ ತುಣುಕು ಕೇಳಿದರು, ಕೊಟ್ಟೆ, ಹಾಕಿದರು. ‘ಅತ್ಯುತ್ತಮ’ ಎಂಬ ಪದವನ್ನಾದರೂ ಬಿಡಿ ಎಂದೆ. “ಯಾರು ಹೇಳಿದ್ದು? ನೀವೇ ಹೇಳಿದ್ದಾದರೆ ಬೇಡ,” ಎಂದು ಬಂತು. ಅವರು ಗಂಡಸೋ ಹೆಂಗಸೋ, ಮುದುಕರೋ, ಬೆಂಗಳೂರಿನವರೋ ದುಬೈನವರೋ ಗೊತ್ತಿಲ್ಲ. ನಾನು ಮನಸ್ಸಿನಲ್ಲಿ ಅವರಿಗೆ ದಪ್ಪ ಕನ್ನಡಕ ಹಾಕಿ, ಒಬ್ಬ ಒಣಕಲು ನಿವೃತ್ತ ಅಧಿಕಾರಿಯನ್ನಾಗಿ ಮಾಡಿಕೊಂಡಿದ್ದೆ. ಬೈಯುವುದಕ್ಕೂ ಒಂದು ಮುಖ ಬೇಕಲ್ಲ.

ಒಂದು ದಿನ ಸಿಟ್ಟಿನಲ್ಲೇ ಆ ಪುಟದ ‘ಇತಿಹಾಸ’ ಎಂಬಲ್ಲಿ ಒತ್ತಿದೆ. ಆ ಪುಟಕ್ಕೆ ಯಾರು ಯಾವಾಗ ಏನು ಸೇರಿಸಿದರು, ಏನು ಅಳಿಸಿದರು, ಎಲ್ಲವೂ ಅಲ್ಲಿ ಉಳಿದಿರುತ್ತದೆ. ದರಕು ನಮ್ಮ ವಿರುದ್ಧ ಏನೇನು ಮಾಡಿದ್ದಾರೆ ಹುಡುಕೋಣ ಎಂದು ಹೋದರೆ ಸಿಕ್ಕಿದ್ದೇ ಬೇರೆ. ನಾನು ಕೆಲಸಕ್ಕೆ ಸೇರುವ ಮೊದಲು ಯಾರೋ ಹೊಟ್ಟೆಕಿಚ್ಚಿನವರು ‘ಇವರ ಉಪ್ಪಿನಕಾಯಿಯಲ್ಲಿ ಹುಳ ಸಿಕ್ಕಿದೆ’ ಎಂದು ಸೇರಿಸಿದ್ದರು. ಅದನ್ನು ಅಳಿಸಿದವರು ದರಕು. ‘ಆಧಾರವಿಲ್ಲ’ ಎಂದು ಒಂದೇ ಮಾತು. ಮತ್ತೆ ಹಾಕಿದ್ದರು, ಮತ್ತೆ ಅಳಿಸಿದ್ದರು. ನಮಗೆ ಗೊತ್ತೇ ಇಲ್ಲದ ಹಾಗೆ ಯಾರೋ ನಮ್ಮ ಮಾನ ಕಾಯುತ್ತ ಕೂತಿದ್ದರು, ಬಿಡಿಗಾಸು ಸಂಬಳವಿಲ್ಲದೆ. ನಾನು ಸಂಬಳ ತೆಗೆದುಕೊಂಡು ನಂದಾದೀಪ ಹಚ್ಚುತ್ತಿದ್ದೆ.

ಆಮೇಲೆ ಅವರು ಬರೆದ ಉಳಿದ ಪುಟಗಳನ್ನೂ ನೋಡಿದೆ. ಒಂದು ಕಪ್ಪೆಯ ಬಗ್ಗೆ, ಘಟ್ಟದ ಒಂದು ಹಳ್ಳದ ಬಗ್ಗೆ, ಬಾಣಂತಿಯರಿಗೆ ಕೊಡುವ ಒಂದು ಬಳ್ಳಿಯ ಬಗ್ಗೆ, ಮುಚ್ಚಿಹೋದ ಒಂದು ಶಾಲೆಯ ಬಗ್ಗೆ. ಪುಟ್ಟ ಪುಟ್ಟ ಬರಹ. ಪ್ರತಿ ಸಾಲಿಗೂ ಆಧಾರ. ಎಲ್ಲೂ ಒಂದು ಗುಣವಾಚಕ ಹೆಚ್ಚಿಲ್ಲ. ನನ್ನ ಕೆಂಪು ಪೆನ್ನಿಗೆ ತಿದ್ದಲು ಏನೂ ಸಿಗಲಿಲ್ಲ. ಅಂದಿನಿಂದ ಆ ಕಾಣದ ಮನುಷ್ಯರಿಗೆ ಬರೆಯುವಾಗ ನಾನು ಬೆನ್ನು ನೆಟ್ಟಗೆ ಮಾಡಿ ಕೂರತೊಡಗಿದೆ. ಹೇಳಿದರೆ ನಗುತ್ತೀರಿ, ಆದರೆ ಹೌದು.

ಒಂದು ಸಾಲು ಮಾತ್ರ ಬಗೆಹರಿಯಲಿಲ್ಲ. ‘ಸಂಸ್ಥಾಪಕರ ತಾಯಿ ಮಹಾದೇವಿಯವರ ಮರದಿಂದ ಬಂದ ಮಹಾದೇವಿ ಜೀರಿಗೆ ತಳಿ’ ಎಂಬ ಸಾಲಿನ ಮುಂದೆ ದರಕು ‘ಉಲ್ಲೇಖ ಬೇಕು’ ಎಂದು ಚೀಟಿ ಅಂಟಿಸಿದ್ದರು. ಹೆಗಡೆಯವರಿಗೆ ಆ ಚೀಟಿ ಕಣ್ಣಿಗೆ ಬಿದ್ದ ಕಸದ ಹಾಗೆ. ಮುಂಬೈಯವನಿಗೆ ಬೇಕಾಗಿದ್ದುದೂ ಆ ಸಾಲೇ.

“ಆಧಾರ ಇದ್ದು,” ಎಂದು ಹೆಗಡೆಯವರು ಕಪಾಟಿನಿಂದ ಒಂದು ಸಣ್ಣ ಪುಸ್ತಕ ತೆಗೆದರು. ‘ನಮ್ಮ ಮಿಡಿ ಜಾತಿಗಳು’ ಎಂಬ ಹೊತ್ತಗೆ, ಭೈರುಂಬೆಯ ಒಬ್ಬ ನಿವೃತ್ತ ಮಾಸ್ತರರು ಊರೂರು ಅಲೆದು ಮಾಡಿದ ಪಟ್ಟಿ. ಅದನ್ನು ಅಚ್ಚು ಮಾಡಿದ್ದು ನಮ್ಮ ಪ್ರೆಸ್ಸು. ಕರಡು ತಿದ್ದಿದವಳು ನಾನು. ತೆರೆದು ತೋರಿಸಿದರು: ‘ಮಹಾದೇವಿ ಜೀರಿಗೆ. ಪರಿಮಳ ಹೆಚ್ಚು, ತೊಟ್ಟು ಗಟ್ಟಿ, ಉಪ್ಪಿನಲ್ಲಿ ವರ್ಷಗಟ್ಟಲೆ ಕೆಡುವುದಿಲ್ಲ.’

“ಇದ್ನ ನೋಡಿದ ದಿನ ಆನು ಊಟ ಮಾಡಿದ್ನಿಲ್ಲೆ ಗೊತ್ತಿದ್ದಾ? ಖುಷಿಗೆ. ಎನ್ನ ಆಯಿ ಹೆಸ್ರು ಅಚ್ಚಲ್ಲಿ ಬಂಜು ಹೇಳಿ.” ಅವರು ಮನೆಮಾತು ಆಡಿದರೆ ಮನಸ್ಸು ತುಂಬಿದೆ ಎಂದು ಅರ್ಥ. ಅವರ ತಾಯಿ ಆ ಮಿಡಿಯ ಉಪ್ಪಿನಕಾಯಿಯನ್ನು ಜೀವಮಾನವಿಡೀ ಹಾಕಿದ್ದರು. ಹೆಸರು ಬಂದದ್ದು ಅದಕ್ಕೇ ಎಂದು ಅವರು ಮನಸಾರೆ ನಂಬಿದ್ದರು.

ನಾನು ಹೊತ್ತಗೆಯ ವಿವರ ಹಾಕಿ ಕೋರಿಕೆ ಬರೆದೆ. ಮರುದಿನ ಮಧ್ಯಾಹ್ನ ಉತ್ತರ ಬಂತು: “ಈ ಹೊತ್ತಗೆಯಲ್ಲಿ ಮಹಾದೇವಿ ಎಂಬ ಹೆಸರಿದೆ. ಆ ಮಹಾದೇವಿ ಸಂಸ್ಥಾಪಕರ ತಾಯಿ ಎಂದು ಇಲ್ಲ. ಚೀಟಿ ಇರಲಿ.”

ನಾನು ಸಪ್ಪೆ ಮುಖ ಮಾಡಿಕೊಂಡು ಅಂಗಳಕ್ಕೆ ಬಂದೆ. ಯಲ್ಲಾಪುರ ಕಡೆಯ ಗಂಗಕ್ಕ ಮಿಡಿ ಆರಿಸುತ್ತ ಪಕ್ಕದವಳಿಗೆ, “ಆ ಮಾದೇವಿ ಜೀರ್ಗೆ ಇತ್ಲಾಗೆ ತಳ್ಳೇ,” ಎನ್ನುತ್ತಿದ್ದಳು. ಹಳೇ ಚಾಳಿ, ಸುಮ್ಮನಿರಲಾಗಲಿಲ್ಲ.

“ಮಾದೇವಿ ಅಲ್ಲ ಗಂಗಕ್ಕಾ, ಮಹಾದೇವಿ ಅನ್ನಬೇಕು.”

ಗಂಗಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಮಹಾದೇವಿ ಅಂದ್ರೆ ಯಜಮಾನ್ರ ಅಮ್ಮ. ಇದು ಮಾದೇವೀದು. ಅರಬೈಲಲ್ಲಿ ಇತ್ತಲ್ರಾ ಒಂದು ಮುದುಕಿ, ಮಾದೇವಿ ಗೌಡ್ತಿ? ಅದ್ರ ಹಿತ್ಲ ಮರದ್ದೇ ಕಡ್ಡಿ ಎಲ್ಲಾ ಕಡೆ ಹೋಗಿದ್ದು. ಕಸಿ ಕಟ್ಟೂಕೆ ಯಾರು ಬಂದು ಕೇಳಿದ್ರೂ ಇಲ್ಲ ಅಂತಿರ್ಲಿಲ್ಲ ಪಾಪ. ಮಿಡಿ ಮುರ್ದು ಮೂಗಿಗೆ ಹಿಡ್ದು, ತಗಂಡ್ಹೋಗಿ ಅಂತಿತ್ತು.”

ಪ್ರೆಸ್ಸಿನ ನನ್ನ ಮೇಜು ನೆನಪಾಯಿತು. ಮಾಸ್ತರರ ಕರಡಿನಲ್ಲಿ ಇದ್ದದ್ದು ‘ಮಾದೇವಿ ಜೀರಿಗೆ’. ಮಾಸ್ತರರಾಗಿಯೂ ಮಹಾದೇವಿ ಎಂದು ಬರೆಯಲು ಬರುವುದಿಲ್ಲವೇ ಎಂದು ಮನಸ್ಸಿನಲ್ಲೇ ನಕ್ಕು, ‘ಮಾ’ ಹೊಡೆದು ‘ಮಹಾ’ ಎಂದು ಕೆಂಪಕ್ಷರದಲ್ಲಿ ಬರೆದವಳು ನಾನೇ. ಕೇಳಬೇಕು ಅನ್ನಿಸಿರಲಿಲ್ಲ. ಹಾಗೆ ಒಬ್ಬ ಹೆಂಗಸು ಪುಸ್ತಕದಿಂದ ಎದ್ದು ಹೋದಳು, ಇನ್ನೊಬ್ಬಳು ಬಂದು ಕೂತಳು. ಅದೂ ಶುದ್ಧ ಕನ್ನಡದ ಹೆಸರಿನಲ್ಲಿ.

ಗಂಗಕ್ಕನ ಮಾತು ಆಧಾರವಾಗುವುದಿಲ್ಲ, ಅಚ್ಚಾಗಿಲ್ಲ. ಅಚ್ಚಾದದ್ದು ಸುಳ್ಳು, ಅದು ಆಧಾರ. ಈ ಇಕ್ಕಟ್ಟಿನಲ್ಲಿ ಎರಡು ದಿನ ಒದ್ದಾಡಿ, ರಜೆ ಹಾಕಿ ಭೈರುಂಬೆಯ ಬಸ್ಸು ಹತ್ತಿದೆ. ಮಾಸ್ತರರು ತೀರಿಹೋಗಿ ಕೆಲವು ವರ್ಷವಾಗಿತ್ತು. ಮನೆಯ ಪಕ್ಕದಲ್ಲೇ ಮಗನ ಗ್ಯಾರೇಜು, ಅಂಗಳದಲ್ಲಿ ಬಿಚ್ಚಿಟ್ಟ ಬೈಕುಗಳು, ಮೊಮ್ಮಕ್ಕಳ ಗಲಾಟೆ. ಮಾಸ್ತರರ ಹೆಂಡತಿ ಶಾಂತಕ್ಕ ಕಟ್ಟೆಯ ಮೇಲೆ ಕೂತಿದ್ದರು. ಹೊತ್ತಗೆಯ ಬಗ್ಗೆ ಕೇಳಲು ಬಂದೆ ಎಂದೆ.

“ಮೊದ್ಲು ಆಸ್ರಿಗೆ ಎಂತ ಕುಡಿತೆ ಹೇಳು,” ಎಂದರು. ಮಜ್ಜಿಗೆ ಕೊಟ್ಟು, ಒಳಗಿನಿಂದ ಒಂದು ಪ್ರತಿ ತಂದರು. “ಇದ್ರಲ್ಲಿ ಚೀಟಿ ಇದ್ದು ನೋಡು. ಪುಸ್ತಕ ಬಂದಾಗ ನಮ್ಮನೆಯವು ಎರಡು ದಿನ ಮಾತೇ ಆಡಿದ್ವಿಲ್ಲೆ. ಪ್ರೆಸ್ಸಲ್ಲಿ ಯಾವ್ದೋ ಹುಡ್ಗಿ ತಿದ್ದಿಬಿಟ್ಟಿದ್ದು ಹೇಳಿ. ಆಮೇಲೆ ಚೀಟಿ ಅಚ್ಚು ಹಾಕ್ಸಿ, ಯಂಗ ಇಬ್ರೂ ಕೂತು ಗೋಂದು ಹಚ್ಚಿ ಹಚ್ಚಿ ಅಂಟ್ಸಿದ್ಯ. ಅಷ್ಟೊತ್ತಿಗೆ ಅರ್ಧ ಪುಸ್ತಕ ಹಂಚಿ ಹೋಗಿತ್ತು.”

ಹಿಂದಿನ ರಟ್ಟಿನ ಒಳಗೆ ಬೆರಳುದ್ದದ ಹಳದಿ ಚೀಟಿ. ಮೇಲೆ ‘ತಪ್ಪು – ಒಪ್ಪು’ ಎಂಬ ತಲೆಬರಹ. ಕೆಳಗೆ: ‘ಮಹಾದೇವಿ ಜೀರಿಗೆ ಎಂದಿರುವುದನ್ನು ಮಾದೇವಿ ಜೀರಿಗೆ ಎಂದು ಓದಿಕೊಳ್ಳಬೇಕು. ಇದರ ತಾಯಿಮರ ಅರಬೈಲಿನ ಮಾದೇವಿ ಗೌಡ ಇವರ ಹಿತ್ತಲಿನದು.’ ಅಕ್ಷರ ನಮ್ಮ ಪ್ರೆಸ್ಸಿನದೇ. ನಾನು ಆ ವಾರ ತವರಿಗೆ ಹೋಗಿದ್ದಿರಬೇಕು.

ಒಂದು ಹೆಸರಿಗಾಗಿ ಇಬ್ಬರು ಮುದುಕರು ಗೋಂದಿನ ಬಟ್ಟಲು ನಡುವೆ ಇಟ್ಟುಕೊಂಡು ಕೂತದ್ದು ಕಣ್ಣಿಗೆ ಕಟ್ಟಿತು. ಅವರಿಗೆ ಮಾದೇವಿ ನೆಂಟಳಲ್ಲ, ಜಾತಿಯವಳಲ್ಲ, ಏನೂ ಅಲ್ಲ. ಆ ಹುಡುಗಿ ನಾನೇ ಎಂದು ಮಾತ್ರ ಹೇಳಲಿಲ್ಲ. ಮಜ್ಜಿಗೆ ಕುಡಿದು, ಚೀಟಿಯ ಫೋಟೋ ತೆಗೆದುಕೊಂಡು, ಕಳ್ಳಿಯ ಹಾಗೆ ಎದ್ದು ಬಂದೆ.

ಹೆಗಡೆಯವರು ಆ ಫೋಟೋವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ಆನು ಸುಳ್ಳು ಹೇಳಿದ್ನಿಲ್ಲೆ ಸುಮಿತ್ರಾ.”

“ನೀವು ಸುಳ್ಳು ಹೇಳೀರಿ ಅಂತ ಯಾರೂ ಅಂದಿಲ್ರಿ.”

“ಆಯಿ ಆ ಮಿಡಿಗೆ ತನ್ನ ಹೆಸ್ರು ಹೇಳಿದ್ದು ಆನೂ ಒಂದಿನ ಕೇಳಿದ್ನಿಲ್ಲೆ. ಅಚ್ಚಲ್ಲಿ ಇತ್ತಲಿ, ನಂಬಿದಿ.” ಅವರು ಕಿಟಕಿಯಾಚೆ ನೋಡಿದರು. ಗಂಗಕ್ಕನ ಸಾಲು ಊಟಕ್ಕೆ ಎದ್ದಿತ್ತು. “ಈ ವರ್ಷದ ಬಾಟ್ಲಿ ಚೀಟಿ ಅಚ್ಚಾಗಿ ಹೋತು. ಮುಂಬೈಯವಂಗೆ ಎಂತ ಹೇಳವೋ ನಂಗೆ ಗೊತ್ತಿಲ್ಲೆ. ನೀನು ಬರೆ ಹೇಳೂ ಹೇಳ್ತ್ನಿಲ್ಲೆ, ಬೇಡ ಹೇಳೂ ಹೇಳ್ತ್ನಿಲ್ಲೆ.”

ಅಷ್ಟು ಸಾಕಿತ್ತು. ನನ್ನ ಜೀವನದಲ್ಲಿ ಅಷ್ಟು ಎಚ್ಚರದಿಂದ ನಾನು ಯಾವುದನ್ನೂ ಬರೆದಿರಲಿಲ್ಲ. ‘ಸಂಸ್ಥಾಪಕರ ತಾಯಿ’ ಎಂಬುದನ್ನು ತೆಗೆಯಬೇಕು, ‘ಮಾದೇವಿ ಜೀರಿಗೆ, ತಾಯಿಮರ ಅರಬೈಲಿನ ಮಾದೇವಿ ಗೌಡ ಅವರ ಹಿತ್ತಲಿನದು’ ಎಂದು ಹಾಕಬೇಕು, ಆಧಾರ ಇದು. ಕೊನೆಗೆ ಸ್ವಲ್ಪ ಹೆಮ್ಮೆಯಿಂದಲೇ ‘ಈ ಕೋರಿಕೆಗಾಗಿ ನನಗೆ ಯಾರೂ ಹಣ ಕೊಟ್ಟಿಲ್ಲ’ ಎಂದು ಸೇರಿಸಿದೆ. ಈ ಸಲ ದರಕಿಗೆ ಖುಷಿಯಾಗುತ್ತದೆ, ಶಹಭಾಸ್ ಎನ್ನುತ್ತಾರೆ ಎಂದು ಕಾದೆ.

ಮರುದಿನ ಉತ್ತರವಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಮಧ್ಯಾಹ್ನ, ಬಾನು ಕಪ್ಪಾಗಿ ಅಂಗಳದ ಮಿಡಿಯನ್ನೆಲ್ಲ ಹೆಂಗಸರು ಒಳಗೆ ಎಳೆಯುತ್ತಿದ್ದಾಗ, ಪರದೆಯ ಮೇಲೆ ಆ ಬರಹ ಬಂತು. ನನಗೆ ಇವತ್ತಿಗೂ ಬಾಯಿಪಾಠ.

“ನೀವು ಇನ್ನೂ ಕಂಪನಿಯ ಸಂಬಳದಲ್ಲಿ ಇದ್ದೀರಿ, ದಯವಿಟ್ಟು ಕೊನೆಯ ವಾಕ್ಯ ಸರಿಪಡಿಸಿ. ಈ ಕೋರಿಕೆಯನ್ನು ನಾನು ತೀರ್ಮಾನಿಸಲಾರೆ. ಮಾದೇವಿ ಗೌಡ ನನ್ನ ಅಜ್ಜಿ, ಅಮ್ಮನ ಅಮ್ಮ. ಇದನ್ನು ನಾನು ಮೊದಲೇ ಹೇಳಬೇಕಿತ್ತು, ಹೇಳದಿದ್ದುದು ತಪ್ಪು. ಈ ಸಾಲಿನ ಬಗ್ಗೆ ನಾನು ಈ ಹಿಂದೆ ಮಾಡಿದ್ದನ್ನೂ ಬೇರೊಬ್ಬರು ಮರುಪರಿಶೀಲಿಸಲಿ. ನನ್ನ ಮಾತನ್ನು ಇಲ್ಲಿ ಎಣಿಸಬೇಡಿ. – ದರಕು.”

ನಾನು ಎದ್ದು ನಿಂತುಬಿಟ್ಟೆ. ಯಾರಾದರೂ ಹಿರಿಯರು ಒಳಗೆ ಬಂದರೆ ಏಳುತ್ತೇವಲ್ಲ, ಹಾಗೆ. ಇಷ್ಟು ದಿನ ಈ ಮನುಷ್ಯರಿಗೆ ನಿಜ ಗೊತ್ತಿತ್ತು. ತಮ್ಮ ಅಜ್ಜಿಯ ಹೆಸರಿನ ಜಾಗದಲ್ಲಿ ಬೇರೆ ಹೆಸರು ಕೂತದ್ದನ್ನು ದಿನಾ ನೋಡುತ್ತಿದ್ದರು. ಒಂದು ಬೆರಳು ಒತ್ತಿದರೆ ಬದಲಾಗುತ್ತಿತ್ತು. ಒತ್ತಲಿಲ್ಲ. ನಮ್ಮ ಮೇಲಿನ ಹುಳದ ಮಾತನ್ನೂ ಅಳಿಸಿದ್ದು ಇದೇ ಕೈ. ಅಂಗಳದಲ್ಲಿ ಆಲಿಕಲ್ಲು ತಗಡಿನ ಮೇಲೆ ಬೀಳುವ ಸದ್ದಿನಲ್ಲಿ ನಾನು ಅತ್ತದ್ದು ಯಾರಿಗೂ ಕೇಳಿಸಲಿಲ್ಲ.

ಕಾಸರಗೋಡು ಕಡೆಯ, ವಿಶ್ವಕೋಶದ ಇನ್ನೊಬ್ಬ ಸಂಪಾದಕರು ಕೆಲವು ದಿನಗಳ ಮೇಲೆ ಬಂದು, ಚೀಟಿಯ ಫೋಟೋ ನೋಡಿ, ಹೊತ್ತಗೆಯ ಇನ್ನೊಂದು ಪ್ರತಿ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿ, ದರಕಿನ ಹಳೆಯ ತೀರ್ಮಾನಗಳನ್ನೂ ಒಂದೊಂದಾಗಿ ಪರೀಕ್ಷಿಸಿ, “ಎಲ್ಲ ಸರಿಯಾಗಿದೆ” ಎಂದು ಬರೆದರು. ಸಾಲು ಬದಲಾಯಿತು. 

ಮಳೆಗಾಲದ ಮೊದಲ ಮಳೆ ಬಿದ್ದ ವಾರ ಯಲ್ಲಾಪುರಕ್ಕೆ ಹೋಗಿ, ಅಂಕೋಲಾ ಕಡೆಯ ಬಸ್ಸಿನಲ್ಲಿ ಅರಬೈಲಿಗೆ ಹೋದೆ. ಮಾದೇವಿಯ ಮಗಳ ಮಕ್ಕಳು ಯಾರಿದ್ದಾರೆ ಎಂದು ಕೇಳಿದರೆ ಅಂಚೆಯ ಕೋಣೆ ತೋರಿಸಿದರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು ಟಪ್ ಟಪ್ ಎಂದು ಪತ್ರಗಳಿಗೆ ಮುದ್ರೆ ಹೊಡೆಯುತ್ತಿದ್ದಳು. ಕನ್ನಡಕವಿಲ್ಲ, ಒಣಕಲೂ ಅಲ್ಲ. ನಾನು ಹೆಸರು ಹೇಳಿದೆ.

“ಓ, ಕಂಪನಿ ಸುಮಿತ್ರಕ್ಕ!” ಎಂದು ನಕ್ಕಳು. “ನಾನು ನಾಗವೇಣಿ. ಕೂತ್ಕಳಿ, ಟಪಾಲು ಚೀಲ ಕಳ್ಸಿ ಬಂದೆ. ಆಮೇಲೆ ನಂಗೆ ಪುರ್ಸೊತ್ತು.” ಮಧ್ಯಾಹ್ನದ ಉತ್ತರಗಳ ಗುಟ್ಟು ಅದು.

ಚೀಲ ಹೋದ ಮೇಲೆ ಅಜ್ಜಿಯ ಹಿತ್ತಲಿಗೆ ಕರೆದುಕೊಂಡು ಹೋದಳು. ಹಳ್ಳದ ಅಂಚಿನಲ್ಲಿ ಮರ. ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದ ಬೊಡ್ಡೆ, ಎತ್ತರಕ್ಕೆ ಹೋಗಿ ಮೋಡಕ್ಕೆ ತಾಗಿದಂತೆ ಕಾಣುವ ತಲೆ. ಸುಗ್ಗಿ ಮುಗಿದಿದ್ದರೂ ಒಂದೊಂದು ಬಲಿತ ಕಾಯಿ ನೇತಾಡುತ್ತಿತ್ತು. ಕಂಪನಿಯ ಅಂಗಳದ ಆ ರಾಶಿ, ಗೋಡೌನಿನ ಪಿಪಾಯಿಗಳು, ಮುಂಬೈಯ ವ್ಯಾಪಾರಿ, ಎಲ್ಲದರ ತಾಯಿ ಇಲ್ಲಿ ಸುಮ್ಮನೆ ನಿಂತಿತ್ತು. ನಾನು ಅದರ ತೊಗಟೆಯ ಮೇಲೆ ಕೈಯಿಟ್ಟೆ.

“ಇಲ್ಲಿ ಬನ್ನಿ,” ಎಂದು ನಾಗವೇಣಿ ಬುಡದ ಬಂಡೆ ಹತ್ತಿ ಮೊಬೈಲು ಎತ್ತಿ ಹಿಡಿದಳು. “ಇಡೀ ಮನೇಲಿ ನೆಟ್ವರ್ಕ್ ಇಲ್ಲ. ಈ ಮರದ ಬುಡಕ್ಕೆ ಮಾತ್ರ ಎರಡು ಕಡ್ಡಿ ಬರ್ತದೆ. ನಾನು ಬರಿಯೂದೆಲ್ಲ ಇಲ್ಲೇ ನಿಂತಕಂಡು.”

“ಇಲ್ಲಿ ನಿಂತು... ಇದರ ಬಗ್ಗೆ ಒಂದಕ್ಷರ ಬರೀಬೇಕು ಅನ್ನಿಸ್ಲಿಲ್ಲೇನವ್ವಾ?”

“ದಿನಾ ಅನ್ನಿಸ್ತಿತ್ತು,” ಎಂದಳು. “ಆದ್ರೆ ನಾನು ಬರದ್ರೆ ನಿಮ್ಗೂ ನಂಗೂ ಎಂತ ವ್ಯತ್ಯಾಸ? ನಿಮ್ಗೆ ಸಂಬಳ, ನಂಗೆ ಅಜ್ಜಿ. ಹೇಳಿದ್ದು ಅಮ್ಮ, ಅಚ್ಚಾಗಿದ್ದು ಎಲ್ಲೂ ಇರ್ಲಿಲ್ಲ. ಆ ತಪ್ಪು-ಒಪ್ಪು ಚೀಟಿ ನೋಡಿದ ಮೇಲೆ ಮೂರು ದಿನ ನಂಗೆ ಬೆರಳೇ ಆಡ್ಲಿಲ್ಲ. ಮಾಸ್ತರ್ರು ಸರಿಯಾಗೇ ಬರ್ದಿರ್ತಾರೆ, ಹೇಂಗೆ ತಪ್ಪಾಯ್ತೋ ಏನೋ.”

ಹಳ್ಳದ ನೀರು ಕೆಂಪಾಗಿ ಹರಿಯುತ್ತಿತ್ತು. ಇಲ್ಲಿ ಸುಮ್ಮನಿದ್ದರೆ ಇನ್ನು ಜನ್ಮದಲ್ಲಿ ಹೇಳಲಾರೆ ಎನ್ನಿಸಿತು.

“ತಿದ್ದಿದಾಕಿ ನಾನ ಅವ್ವಾ. ಪ್ರೆಸ್ಸಿನ್ಯಾಗ ನಾನ ಇದ್ದೆ. ಮಾದೇವಿ ಅಂದ್ರ ತಪ್ಪು ಅಂತ ತಿಳಕೊಂಡು ಮಹಾದೇವಿ ಮಾಡಿದಾಕಿ ನಾನ.”

ನಾಗವೇಣಿ ಬಂಡೆಯ ಮೇಲೇ ನಿಂತು ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಕೆಳಗೆ ಕೈ ಚಾಚಿದಳು.

“ಹತ್ತಿ ಮೇಲೆ. ಜಾರ್ತದೆ, ಹುಷಾರು.” ಹತ್ತಿದೆ. ಅವಳು ನನ್ನ ಮೊಬೈಲನ್ನು ಸರಿಯಾದ ಜಾಗಕ್ಕೆ ತಿರುಗಿಸಿ ಹಿಡಿದಳು. “ಇದ್ನ ನಂಗೆ ಹೇಳಿದ್ರೆ ಸಾಲೂದಿಲ್ಲ ಅಕ್ಕಾ. ಆ ಪುಸ್ತಕನ ಆಧಾರ ಅಂತ ಕೊಟ್ಟೋರು ನೀವು. ಚರ್ಚೆ ಪುಟದಲ್ಲಿ ಬರೀಬೇಕಿತ್ತು. ಈಗ್ಲಾದ್ರೂ ಬರೀರಿ. ಎರಡು ಕಡ್ಡಿ ಇದೆ.”

ಕಂಪನಿಯ ಬಾಟಲಿಗಳ ಮೇಲೆ ಈಗ ‘ಮಾದೇವಿ ಜೀರಿಗೆ’ ಎಂದಿದೆ. ಫೋಟೋ ಮಾತ್ರ ಹೆಗಡೆಯವರ ತಾಯಿಯದೇ. ಮುಂಬೈಯವನು ಕಥೆಯಿಲ್ಲದೆಯೇ ಮಾಲು ತೆಗೆದುಕೊಂಡ. ಭೈರುಂಬೆಗೂ ಇನ್ನೊಮ್ಮೆ ಹೋಗಿ ಬಂದೆ, ಆ ಹುಡುಗಿ ಯಾರೆಂದು ಶಾಂತಕ್ಕನಿಗೆ ಹೇಳಿ ಬಂದೆ. ಆದರೆ ಮೊದಲು ಹೇಳಿದ್ದು ಆ ಬಂಡೆಯ ಮೇಲೆ. ಎಲೆಯಿಂದ ಹನಿ ಬಿದ್ದು ಪರದೆ ಒದ್ದೆಯಾಗುತ್ತಿತ್ತು, ನಾಗವೇಣಿ ಸೆರಗಿನಿಂದ ಒರೆಸುತ್ತಿದ್ದಳು. ಒಂದೊಂದೇ ಅಕ್ಷರ ಒತ್ತಿ, ಎರಡು ಸಲ ಓದಿ, ಕಳಿಸಿದೆ. ಆ ಪುಟದ ಇತಿಹಾಸದಲ್ಲಿ ಅದು ಇವತ್ತಿಗೂ ಇದೆ, ಯಾರು ಬೇಕಾದರೂ ನೋಡಬಹುದು: ‘ಘೋಷಣೆ. ಮೇಲೆ ಹೇಳಿದ ಹೊತ್ತಗೆಯ ಕರಡು ತಿದ್ದಿದವಳು ನಾನು. ಮಾಸ್ತರರು ಮಾದೇವಿ ಎಂದು ಸರಿಯಾಗಿಯೇ ಬರೆದಿದ್ದರು.’